200 ಡಾಲರಿನ ರಾಕ್ಷಸ: ಕಾರ್ಮನ್ ಕಾಲದ ಅಗ್ಗದ ಮಾನ್ಸ್ಟರ್ ಸಿನಿಮಾಗಳ ಬಗ್ಗೆ ಮಾತಾಡೋಣ

ಹಳೇರೀಲು:

ಅಮೆರಿಕದ ಸಿನಿಮಾ ನಿರ್ಮಾಪಕ, ನಿರ್ದೇಶಕ ರೋಜರ್ ಕಾರ್ಮನ್ 2024ರ ಮೇ ತಿಂಗಳಲ್ಲಿ ತೀರಿಕೊಂಡಾಗ ಎಲ್ಲಾ ಕಡೆ ಒಂದೇ ಥರ ಬರೆದರು. ಕೊಪೊಲಾಗೆ ಅವಕಾಶ ಕೊಟ್ಟವರು, ಜೇಮ್ಸ್ ಕ್ಯಾಮರೂನ್‌ಗೆ ಅವಕಾಶ ಕೊಟ್ಟವರು, ಜ್ಯಾಕ್ ನಿಕಲ್ಸನ್‌ಗೆ ಅವಕಾಶ ಕೊಟ್ಟವರು ಅಂತ. ಸರಿ, ಅದೆಲ್ಲ ನಿಜ. ಆದರೆ ಅವರ ರಬ್ಬರ್ ಮೃಗಗಳ ಬಗ್ಗೆ ಯಾರೂ ನೆಟ್ಟಗೆ ಮಾತಾಡಲಿಲ್ಲ. ನೋಡಿ ನಗುವುದಕ್ಕೆ ಮಾತ್ರ ಅವು ಬೇಕು.

ನನ್ನ ವಾದ ಇಷ್ಟೇ. ಈ ಸಿನಿಮಾಗಳ ಕತೆ ಬರೆದದ್ದು ದುಡ್ಡಿನ ಕೊರತೆ. ಕತೆಗಾರರು ಅದನ್ನು ಟೈಪ್ ಮಾಡಿಕೊಟ್ಟರು.

1955ರ ‘ದ ಬೀಸ್ಟ್ ವಿತ್ ಎ ಮಿಲಿಯನ್ ಐಸ್’ ತಗೊಳ್ಳಿ. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಅಂತ ಆಮೇಲೆ ಹೆಸರಾದ ಕಂಪನಿಯ ಶುರುವಿನ ದಿನಗಳು. ಅಲ್ಲಿ ಜೇಮ್ಸ್ ನಿಕಲ್ಸನ್ ಅಂತ ಒಬ್ಬರಿದ್ದರು, ಸಿನಿಮಾಗೆ ಹೆಸರಿಡುವುದರಲ್ಲಿ ಎತ್ತಿದ ಕೈ. ಅವರಿಗೆ ಮೊದಲು ಹೆಸರು ಹೊಳೆಯುತ್ತಿತ್ತು. ಆಮೇಲೆ ಆಲ್ಬರ್ಟ್ ಕ್ಯಾಲಿಸ್ ಕೈಲಿ ಪೋಸ್ಟರ್. ಥಿಯೇಟರ್ ಮಾಲೀಕರು ಅದನ್ನು ನೋಡಿ ಹೂಂ ಅಂದ ಮೇಲೆ ಸ್ಕ್ರಿಪ್ಟು. ಈಗ ಹೆಸರಲ್ಲೇ ಹತ್ತು ಲಕ್ಷ ಕಣ್ಣು ಇದೆ, ಕೈಯಲ್ಲಿ ಒಂದು ಕಣ್ಣಿಗೂ ದುಡ್ಡಿಲ್ಲ. ಏನು ಮಾಡಿದರು ಗೊತ್ತಾ? ಬೇರೆ ಗ್ರಹದಿಂದ ಬಂದ ಜೀವಿಗೆ ಸ್ವಂತ ಕಣ್ಣೇ ಬೇಡ, ಅದು ಹಕ್ಕಿ, ನಾಯಿ, ಹಸುಗಳ ಕಣ್ಣಿನಿಂದ ನೋಡುತ್ತದೆ ಅಂದರು! ಕತೆಯಾಗಿ ನೋಡಿದರೆ ಇದು ಒಳ್ಳೆಯ ಐಡಿಯಾ. ಮನೆಯ ಹಸುವೇ ತಿರುಗಿ ಬೀಳುವುದು ರಬ್ಬರ್ ಭೂತಕ್ಕಿಂತ ಭಯ ಹುಟ್ಟಿಸುತ್ತದೆ.

ವಿತರಕರು ಸುಮ್ನೆ ಬಿಡುತ್ತಾರಾ? ಮೃಗ ಎಲ್ಲಿ ಅಂತ ಕೇಳಿದರು. ಆಗ ಪಾಲ್ ಬ್ಲೇಸ್‌ಡೆಲ್ ಅನ್ನುವ ಚಿತ್ರಕಾರನಿಗೆ 200 ಡಾಲರ್ ಕೊಟ್ಟು ಒಂದು ಸಣ್ಣ ಗೊಂಬೆ ಮಾಡಿಸಿ ಕೊನೆಗೆ ಸೇರಿಸಿದರು. ಸಿನಿಮಾ ಕೆಟ್ಟದ್ದು ಆ ಗೊಂಬೆಯಿಂದ. ಅಲ್ಲಿವರೆಗೂ ಒಂದು ಮಟ್ಟಕ್ಕೆ ನಡೆಯುತ್ತಿತ್ತು.

ಇಂಥವು ನಿಮಗೆ ಗೊತ್ತಿದ್ದರೆ ಹೇಳಿ. ಬಜೆಟ್ ಇಲ್ಲದ್ದಕ್ಕೇ ಕತೆ ಹೀಗಾಯಿತು ಅನ್ನುವಂಥವು.

ಬೈಟುಕಾಫಿ:

ಮಾತು ಜಾಸ್ತಿ, ಮೃಗ ಕಡಿಮೆ. ಈ ಸಿನಿಮಾಗಳ ಫಾರ್ಮುಲಾ ಅದೇ ತಾನೇ. ಒಂದು ಗಂಟೆ ಹತ್ತು ನಿಮಿಷದ ಸಿನಿಮಾದಲ್ಲಿ ಐವತ್ತು ನಿಮಿಷ ಲ್ಯಾಬ್ ಕೋಟು ಹಾಕಿಕೊಂಡವರು ಕಾಫಿ ಕುಡಿಯುತ್ತಾ ರೇಡಿಯೇಷನ್ ಬಗ್ಗೆ ಮಾತಾಡುತ್ತಾರೆ.

ಏಡಿಕಾಲು:

ನನ್ನ ಹೆಸರೇ ಆ ಸಿನಿಮಾದ್ದು, ಹಾಗಾಗಿ ಬರೆಯಲೇಬೇಕು.

‘ಅಟ್ಯಾಕ್ ಆಫ್ ದ ಕ್ರ್ಯಾಬ್ ಮಾನ್ಸ್ಟರ್ಸ್’, 1957. ನಿರ್ದೇಶನ ಕಾರ್ಮನ್, ಬರೆದದ್ದು ಚಾರ್ಲ್ಸ್ ಗ್ರಿಫಿತ್. ಖರ್ಚು ಸುಮಾರು 70,000 ಡಾಲರ್. ಅಣು ಪರೀಕ್ಷೆ ನಡೆದ ಜಾಗದ ಹತ್ತಿರ ಒಂದು ದ್ವೀಪ, ಹಿಂದೆ ಬಂದ ತಂಡ ಕಾಣೆಯಾಗಿದೆ, ಹೊಸ ತಂಡ ಬರುತ್ತದೆ. ದೈತ್ಯ ಏಡಿಗಳು ಮನುಷ್ಯರನ್ನು ತಿನ್ನುತ್ತವೆ. ಇಲ್ಲಿವರೆಗೆ ಮಾಮೂಲಿ. ಆದರೆ ಯಾರನ್ನು ತಿಂದವೋ ಅವರ ಬುದ್ಧಿ, ನೆನಪು, ಧ್ವನಿ ಎಲ್ಲ ಏಡಿಯ ಪಾಲಾಗುತ್ತದೆ. ರಾತ್ರಿ ಸತ್ತ ಗೆಳೆಯನ ಧ್ವನಿ ಬರುತ್ತದೆ, ಬಾ ಇಲ್ಲಿ, ನಾನಿಲ್ಲೇ ಇದ್ದೇನೆ ಅಂತ. ಲೋಹದ ವಸ್ತುಗಳಿಂದ ಆ ಮಾತು ಕೇಳಿಸುತ್ತದೆ. ಜೊತೆಗೆ ದ್ವೀಪ ಬೇರೆ ಚೂರು ಚೂರಾಗಿ ಸಮುದ್ರಕ್ಕೆ ಕುಸಿಯುತ್ತಾ ಇರುತ್ತದೆ, ಓಡಿಹೋಗಲು ಜಾಗವೂ ಕಮ್ಮಿಯಾಗುತ್ತಾ ಬರುತ್ತದೆ.

ಹಳೇರೀಲು ಹೇಳಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಏಡಿ ಮಾಡುವುದು ದುಬಾರಿ, ಧ್ವನಿ ಪುಕ್ಕಟೆ. ಏಡಿಯನ್ನು ತೋರಿಸದೇ ಒಂದು ಇಡೀ ದೃಶ್ಯ ನಡೆಸಬಹುದು. ಆ ಧ್ವನಿಗಳು ನಿಜಕ್ಕೂ ಬೆನ್ನಲ್ಲಿ ಚಳಿ ತರುತ್ತವೆ ಸ್ವಾಮಿ. ಆಮೇಲೆ ಏಡಿ ಬರುತ್ತದೆ. ನೋಡಿದರೆ ಅದಕ್ಕೆ ಮನುಷ್ಯರ ಥರ ರೆಪ್ಪೆ ಇಳಿಬಿದ್ದ ಕಣ್ಣು. ಮುಗಿಯಿತು ಕತೆ.

ಆ ಏಡಿಯನ್ನು ನೀರಲ್ಲಿ ಮುಳುಗಿಸುವುದೇ ಒಂದು ಸಾಹಸವಾಗಿತ್ತಂತೆ. ಒಳಗೆ ಹಗುರದ ಸಾಮಾನು, ತೇಲುತ್ತಿತ್ತು. ಭಾರ ಕಟ್ಟಬೇಕಾಯಿತು. ಒಳಗೆ ಸೇರಿ ಅದನ್ನು ಆಡಿಸಿದ ಎಡ್ ನೆಲ್ಸನ್ ಅದೇ ಸಿನಿಮಾದಲ್ಲಿ ಪಾತ್ರವನ್ನೂ ಮಾಡಿದ್ದಾರೆ. ಒಂದೇ ಸಂಬಳ ಇರಬೇಕು!

ಮಲ್ನಾಡ್‌ಮಳೆ:

ಏಡಿ ಹೆಸರು ಕೇಳಿದರೆ ನಮಗೆ ಸಾರಿನ ನೆನಪು, ಹೆದರಿಕೆ ಎಲ್ಲಿಂದ ಬರಬೇಕು. 😄 1959ರ ಜಿಗಣೆ ಸಿನಿಮಾನೂ ಅಷ್ಟೇ, ‘ಅಟ್ಯಾಕ್ ಆಫ್ ದ ಜೈಂಟ್ ಲೀಚಸ್’. ಕಾರ್ಮನ್ ತಮ್ಮ ಜೀನ್ ಕಾರ್ಮನ್ ನಿರ್ಮಾಪಕ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಕಾಲಿಗೆ ಇಂಬಳ ಹತ್ತಿಸಿಕೊಂಡು ಬಂದವರಿಗೆ ಆ ಕಪ್ಪು ಚೀಲ ತೊಟ್ಟ ಗಂಡಸರು ಯಾವ ಲೆಕ್ಕ. ನಿಜವಾದ ಇಂಬಳ ಹತ್ತಿದ್ದೇ ಗೊತ್ತಾಗುವುದಿಲ್ಲ, ಭಯ ಇರುವುದು ಅಲ್ಲಿ. ಹಾಗಿದ್ದರೂ ನೀರೊಳಗಿನ ಗುಹೆಯಲ್ಲಿ ಹಿಡಿದಿಟ್ಟವರ ರಕ್ತ ಸ್ವಲ್ಪ ಸ್ವಲ್ಪ ಹೀರುವ ದೃಶ್ಯ ಇದೆಯಲ್ಲ, ಅದೊಂದು ಮಾತ್ರ ನನಗೆ ಈಗಲೂ ಇಷ್ಟ ಆಗುವುದಿಲ್ಲ. ಅಂದರೆ ಸರಿಯಾಗಿ ಕೆಲಸ ಮಾಡಿದೆ ಅಂತ.

ಆರ್ಟ್‌ಡಿಪಾರ್ಟ್‌ಮೆಂಟ್:

ನಾನು ಸಿನಿಮಾ ಸೆಟ್ ಕೆಲಸ ಮಾಡುವವನು, ಥರ್ಮೊಕೋಲು, ಪಿಒಪಿ, ಫೈಬರು ಇದರಲ್ಲೇ ದಿನ ಕಳೆಯುತ್ತದೆ. ಬ್ಲೇಸ್‌ಡೆಲ್ ಹೆಸರು ಬಂದದ್ದಕ್ಕೆ ಖುಷಿಯಾಯಿತು. ಆ ಮನುಷ್ಯನ ಕೆಲಸವನ್ನು ಕೆಲಸದವರ ಕಣ್ಣಲ್ಲಿ ನೋಡಬೇಕು.

ದೊಡ್ಡ ಸ್ಟುಡಿಯೊ ಹೇಗೆ ಮಾಡುತ್ತಿತ್ತು ಅಂದರೆ, 1954ರ ‘ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್’ ತಗೊಳ್ಳಿ, ನಟನ ಮೈಯ ಅಚ್ಚು ತೆಗೆಯುವುದು, ಅದರ ಮೇಲೆ ಜೇಡಿಮಣ್ಣಲ್ಲಿ ಮೃಗ ಕೆತ್ತುವುದು, ಮತ್ತೆ ಮೌಲ್ಡ್ ತೆಗೆದು ಫೋಮ್ ಲೇಟೆಕ್ಸ್ ಸುರಿದು ಓವನ್ನಿನಲ್ಲಿ ಬೇಯಿಸುವುದು. ಜನ ಬೇಕು, ಜಾಗ ಬೇಕು, ವಾರಗಟ್ಟಲೆ ಟೈಮು ಬೇಕು. (ಆ ಮೃಗದ ರೂಪ ಬರೆದದ್ದು ಮಿಲಿಸೆಂಟ್ ಪ್ಯಾಟ್ರಿಕ್ ಅನ್ನುವ ಹೆಣ್ಣುಮಗಳು, ಹೆಸರು ತಗೊಂಡದ್ದು ಮೇಕಪ್ ವಿಭಾಗದ ಯಜಮಾನ ಬಡ್ ವೆಸ್ಟ್‌ಮೋರ್. ಅದು ಬೇರೆ ಜಗಳ.)

ಬ್ಲೇಸ್‌ಡೆಲ್ ಹತ್ತಿರ ಇದ್ಯಾವುದೂ ಇಲ್ಲ. ಮನೆಯಲ್ಲೇ ಕೆಲಸ, ಸಹಾಯಕ್ಕೆ ಹೆಂಡತಿ ಜ್ಯಾಕಿ. ಮೈಗಂಟಿದ ಉದ್ದ ಒಳ ಉಡುಪು ತಗೊಂಡು ಅದರ ಮೇಲೆ ಫೋಮ್ ರಬ್ಬರಿನ ತುಂಡು ಕತ್ತರಿಸಿ ಒಂದೊಂದಾಗಿ ಅಂಟಿಸುತ್ತಾ ಹೋಗುವುದು. ಅಳತೆ ಯಾರದ್ದು? ತನ್ನದೇ. ಹಾಗಾಗಿ ಮೃಗದ ಒಳಗೆ ತಾನೇ ಹೋಗಬೇಕು, ಬೇರೆಯವರಿಗೆ ಆಗುವುದಿಲ್ಲ. 1955ರ ‘ಡೇ ದ ವರ್ಲ್ಡ್ ಎಂಡೆಡ್’ ಕೊನೆಗೆ ಮಳೆ ಬಂದು ಮೃಗ ಸಾಯುತ್ತದೆ. ಫೋಮ್ ಅಂದರೆ ಸ್ಪಂಜು, ನೀರು ಕುಡಿಯುತ್ತದೆ. ಡ್ರೆಸ್ಸಿನ ತೂಕ ಎಷ್ಟಾಗಿರಬೇಡ ಯೋಚನೆ ಮಾಡಿ. ನಮ್ಮ ಕಡೆ ಜೂನಿಯರ್ ಆರ್ಟಿಸ್ಟ್‌ಗೆ ಕರಡಿ ಡ್ರೆಸ್ ಹಾಕಿಸಿ ಮಳೆ ಸೀನಿಗೆ ನಿಲ್ಲಿಸಿದ್ದನ್ನು ನೋಡಿದ್ದೇನೆ, ಒಂದು ಟೇಕಿಗೇ ಅವನ ಉಸಿರು ಮೇಲೆ ಕೆಳಗೆ.

ಮಾಡಿದ ಡ್ರೆಸ್ಸನ್ನು ಬಿಸಾಡುತ್ತಿರಲಿಲ್ಲ. 1956ರ ‘ದ ಶೀ ಕ್ರೀಚರ್’ ಡ್ರೆಸ್ಸೇ ಸ್ವಲ್ಪ ಬದಲಾಗಿ 1957ರ ‘ವೂಡೂ ವುಮನ್’ನಲ್ಲಿ ಬಂತು. ಕೊನೆಗೆ 1958ರ ‘ಹೌ ಟು ಮೇಕ್ ಎ ಮಾನ್ಸ್ಟರ್’ ಅನ್ನುವ ಸಿನಿಮಾದ ಬೆಂಕಿ ದೃಶ್ಯಕ್ಕೆ ಅವರ ಕೆಲವು ಮುಖವಾಡಗಳನ್ನು ಸುಟ್ಟೇಬಿಟ್ಟರು. ಸ್ಟುಡಿಯೊ ಕೆಲಸ ಕಳೆದುಕೊಂಡ ಮೇಕಪ್ ಕಲಾವಿದನ ಕತೆ ಅದು, ನೋಡಿ ವಿಚಿತ್ರ. ಆಮೇಲೆ ಹೆಚ್ಚು ದಿನ ಬ್ಲೇಸ್‌ಡೆಲ್ ಈ ಫೀಲ್ಡಲ್ಲಿ ಇರಲಿಲ್ಲ. 1983ರಲ್ಲಿ ತೀರಿಕೊಂಡರು.

ಹಳೇರೀಲು:

@ಆರ್ಟ್‌ಡಿಪಾರ್ಟ್‌ಮೆಂಟ್ ಸರ್, ಭಾರೀ ಚೆನ್ನಾಗಿ ಬರೆದಿರಿ. ಹಾಗಾದರೆ ‘ಇಟ್ ಕಾಂಕರ್ಡ್ ದ ವರ್ಲ್ಡ್’ ಕತೆ ನೀವೇ ಹೇಳಿಬಿಡಿ.

ಆರ್ಟ್‌ಡಿಪಾರ್ಟ್‌ಮೆಂಟ್:

1956. ಶುಕ್ರ ಗ್ರಹದಿಂದ ಬಂದ ಮೃಗ. ಕಾರ್ಮನ್ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದಿದವರು, ತಲೆ ಓಡಿಸಿದರು. ಅಲ್ಲಿ ಗುರುತ್ವಾಕರ್ಷಣೆ ಜಾಸ್ತಿ ಅಂತ ತಪ್ಪಾಗಿ ಅಂದುಕೊಂಡರು, ಹಾಗಾಗಿ ಮೃಗ ಕುಳ್ಳಗೆ, ನೆಲಕ್ಕೆ ಅಂಟಿಕೊಂಡು ಇರಬೇಕು ಅಂತ. ಬ್ಲೇಸ್‌ಡೆಲ್ ಹಾಗೇ ಮಾಡಿದರು. ಶೂಟಿಂಗ್ ದಿನ ನಾಯಕಿ ಬೆವರ್ಲಿ ಗಾರ್ಲಂಡ್ ಬಂದು ಅದರ ಮುಂದೆ ನಿಂತರು, ಮೇಲಿಂದ ಕೆಳಗೆ ನೋಡಿದರು, ನೀನು ಜಗತ್ತನ್ನು ಗೆಲ್ಲಲು ಬಂದವನಾ ಅಂತ ಕೇಳಿ ಒಂದು ಒದೆ ಕೊಟ್ಟರು. ಇದು ಕಾರ್ಮನ್ ಬಾಯಲ್ಲೇ ಬಂದ ಕತೆ. ಆಮೇಲೆ ಮೃಗದ ಎತ್ತರ ಏರಿಸಿದರು. ನಾಯಕಿಗಿಂತ ಮೃಗ ದೊಡ್ಡದಿರಬೇಕು ಅಂತ ಅವತ್ತೇ ಕಲಿತೆ ಅಂತ ಕಾರ್ಮನ್ ಹೇಳಿಕೊಳ್ಳುತ್ತಿದ್ದರು.

ಕೆಲಸದವನಾಗಿ ನನ್ನ ಒಂದು ಮಾತು. ಬ್ಲೇಸ್‌ಡೆಲ್ ಅದನ್ನು ಅಣಬೆ ಜಾತಿಯ ಜೀವಿ ಅಂದುಕೊಂಡು ಮಾಡಿದ್ದು, ಗುಹೆಯ ಕತ್ತಲಲ್ಲಿ ಕೂರಲಿ ಅಂತ. ಅದನ್ನು ಹೊರಗೆ ಬಿಸಿಲಿಗೆ ಎಳೆದು ತಂದು ತೋರಿಸಿದರು. ಕತ್ತಲಿಗೆ ಮಾಡಿದ ಪ್ರಾಪರ್ಟಿಯನ್ನು ಬಿಸಿಲಲ್ಲಿ ಇಟ್ಟರೆ ಯಾವನ ಕೆಲಸವೂ ನಿಲ್ಲುವುದಿಲ್ಲ. ನಾವು ಲೈಟಿಂಗ್ ಕೇಳಿಕೊಂಡೇ ಬಣ್ಣ ಹೊಡೆಯುವುದು. ಮ್ಯಾನೇಜರು ಬಂದು, ಟೈಮಿಲ್ಲ ಹಗಲಲ್ಲೇ ತೆಗೀರಿ ಅಂದರೆ ಮುಗಿಯಿತು, ಬ್ರಷ್ಷಿನ ಗೆರೆ ಎಲ್ಲ ಕಾಣುತ್ತದೆ.

ಚೌಕಿಮನೆ:

ಕತ್ತಲು, ಬೆಳಕು ಅಂದಿರಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮ ತೆಂಕುತಿಟ್ಟು ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವುದನ್ನು ನೋಡಿದ್ದೀರಾ? ಮಧ್ಯರಾತ್ರಿ ಕಳೆದಿರುತ್ತದೆ. ಮೊದಲು ಬರುವುದು ಬೊಬ್ಬೆ, ಚೆಂಡೆ. ಆಮೇಲೆ ತೆರೆ ಹಿಡಿಯುತ್ತಾರೆ. ತೆರೆಯ ಮೇಲಿಂದ ಕಿರೀಟದ ತುದಿ, ಬದಿಯಲ್ಲಿ ಒಂದು ಕೈ. ದೀವಟಿಗೆಗೆ ರಾಳದ ಪುಡಿ ಎರಚಿದಾಗ ಭಗ್ಗಂತ ಬೆಂಕಿ ಎದ್ದು ಆ ಒಂದು ಕ್ಷಣಕ್ಕೆ ಮುಖ, ಚಿಟ್ಟಿ ಇಟ್ಟ ಆ ಬಿಳಿ ಮುಳ್ಳುಗಳು, ಮತ್ತೆ ಕತ್ತಲು. ಮಕ್ಕಳು ಅಲ್ಲಿಗೇ ಚೀರುತ್ತಾರೆ. ಪೂರ್ತಿ ವೇಷ ಕಾಣಿಸುವ ಹೊತ್ತಿಗೆ ಅರ್ಧ ಕೆಲಸ ಆಗಿರುತ್ತದೆ. ಚಿಟ್ಟಿಗೆ ಬೇಕಾದದ್ದು ಅಕ್ಕಿ ಹಿಟ್ಟು, ಸುಣ್ಣ. ಆ ಕಾರ್ಮನ್‌ಗೆ ಒಂದು ರಾತ್ರಿ ಆಟ ತೋರಿಸಬೇಕಿತ್ತು.

ಏಡಿಕಾಲು:

@ಚೌಕಿಮನೆ ಅಣ್ಣ, ಒಪ್ಪಿದೆ. ಆದರೆ ಬಣ್ಣದ ವೇಷ ಕೊನೆಗೆ ಪೂರ್ತಿ ಬೆಳಕಿಗೆ ಬಂದಾಗಲೂ ನಿಲ್ಲುತ್ತದೆ, ಗಂಟೆಗಟ್ಟಲೆ ಕೂತು ಬರೆದ ಮುಖ ಅದು. ಇವರದ್ದು ಬೆಳಕಿಗೆ ಬಂದರೆ ನಗು ಬರುತ್ತದೆ. ಮರೆ ಮಾಡುವುದರ ಅರ್ಥ ಎರಡು ಕಡೆ ಬೇರೆ ಬೇರೆ.

ಬೈಟುಕಾಫಿ:

ಬೆಳಕಿಗೆ ಬಂದು ಮಾನ ಹೋಗುವುದಕ್ಕೆ ‘ದ ಜೈಂಟ್ ಕ್ಲಾ’ (1957) ಮೀರಿಸಿದ್ದಿಲ್ಲ. ಸ್ಯಾಮ್ ಕ್ಯಾಟ್ಜ್‌ಮನ್ ನಿರ್ಮಾಣ. ಯುದ್ಧನೌಕೆಯಷ್ಟು ದೊಡ್ಡ ಹಕ್ಕಿ ಅಂತ ಪಾತ್ರಗಳು ಎಷ್ಟು ಸಲ ಹೇಳುತ್ತವೋ ಲೆಕ್ಕ ಇಲ್ಲ. ನಟರು ಖಾಲಿ ಆಕಾಶ ನೋಡಿ ಪ್ರಾಮಾಣಿಕವಾಗಿ ಹೆದರಿದ್ದಾರೆ, ಹಕ್ಕಿ ಹೇಗಿರುತ್ತದೆ ಅಂತ ಅವರಿಗೆ ಯಾರೂ ತೋರಿಸಿರಲಿಲ್ಲ. ಗೊಂಬೆ ಮಾಡಿಸಿದ್ದು ಮೆಕ್ಸಿಕೊದಲ್ಲಿ, ಅಗ್ಗಕ್ಕೆ. ಉದ್ದ ಕತ್ತು, ಗುಂಡು ಕಣ್ಣು, ತಲೆ ಮೇಲೆ ನಾಲ್ಕು ಕೂದಲು. ನಾಯಕ ಜೆಫ್ ಮಾರೋ ಅದನ್ನು ಮೊದಲು ನೋಡಿದ್ದೇ ತನ್ನೂರಿನ ಥಿಯೇಟರಿನಲ್ಲಿ, ಜನರ ಜೊತೆ ಕೂತು. ಹಕ್ಕಿ ಬಂದಾಗಲೆಲ್ಲ ಜನ ಬಿದ್ದು ಬಿದ್ದು ನಗುತ್ತಿದ್ದರಂತೆ. ಮುಗಿಯುವ ಮೊದಲೇ ಎದ್ದು ಮನೆಗೆ ಹೋದೆ ಅಂತ ಅವರೇ ಹೇಳಿದ್ದಾರೆ.

ಪಾಪ ಅನಿಸುತ್ತದೆ. ಅವರ ನಟನೆಯಲ್ಲಿ ತಪ್ಪೇ ಇಲ್ಲ.

ಹುಬ್ಳಿಮಂದಿ:

ಎಲ್ಲಾ ಅಮೆರಿಕಾದ್ದೇ ಆತಲ್ರಿ. ರಾಮ್ಸೆ ಬ್ರದರ್ಸ್ ಎಲ್ಲಿ ಹೋದರು? ಏಳು ಜನ ಅಣ್ಣತಮ್ಮಂದಿರು. ತುಳಸಿ, ಶ್ಯಾಮ್ ನಿರ್ದೇಶನ, ಕುಮಾರ್ ಬರವಣಿಗೆ, ಗಂಗು ಕ್ಯಾಮೆರಾ, ಕಿರಣ್ ಸೌಂಡು. ಹೊರಗಿನವರಿಗೆ ಕೊಡುವ ಸಂಬಳವೇ ಕಡಿಮೆ. ಹಾರರ್‌ಗೆ ಹೇಗೆ ಬಂದರು ಅನ್ನುವುದೂ ಮಜಾ ಇದೆ. 1970ರಲ್ಲಿ ‘ಏಕ್ ನನ್ಹಿ ಮುನ್ನಿ ಲಡ್ಕಿ ಥಿ’ ಅಂತ ಒಂದು ಸಿನಿಮಾ ಮಾಡಿದರು, ಓಡಲಿಲ್ಲ. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ಹಾಕಿಕೊಂಡು ಕಳ್ಳತನ ಮಾಡುವ ದೃಶ್ಯ ಇತ್ತು. ಜನ ಅದೊಂದಕ್ಕೆ ಥಿಯೇಟರಿಗೆ ಬರುತ್ತಿದ್ದರು. ಅಣ್ಣತಮ್ಮಂದಿರು ಅದನ್ನು ನೋಡಿ, ಹಾಗಾದರೆ ಪೂರ್ತಿ ಸಿನಿಮಾನೇ ಹಾಗೆ ಮಾಡೋಣ ಅಂದರು. 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ಬಂತು.

1984ರ ‘ಪುರಾನಾ ಮಂದಿರ್’ ಸಾಮ್ರಿ ಪಾತ್ರದ ಅನಿರುದ್ಧ್ ಅಗರ್ವಾಲ್ ರೂರ್ಕಿಯಲ್ಲಿ ಓದಿದ ಎಂಜಿನಿಯರ್. ಅವರ ಎತ್ತರ, ಮುಖದ ರಚನೆ ನೋಡಿಯೇ ತಗೊಂಡರು. ರಬ್ಬರ್ ಡ್ರೆಸ್ಸಿನ ಖರ್ಚು ಅರ್ಧ ಉಳಿಯಿತು ನೋಡ್ರಿ! ನಮ್ಮ ಓಣಿಯಲ್ಲಿ ವಿಸಿಆರ್ ಬಾಡಿಗೆ ತಂದು ರಾತ್ರಿ ಹಾಕಿದರೆ ಹುಡುಗರು ಚಾದರದೊಳಗೆ, ಹೆಂಗಸರು ಬಾಗಿಲ ಹತ್ತಿರ ನಿಂತು. ಸಾಮ್ರಿ ಬಂದರೆ ಯಾರೂ ನಗುತ್ತಿರಲಿಲ್ಲ.

ಹಳೇರೀಲು:

@ಹುಬ್ಳಿಮಂದಿ ಕರೆಕ್ಟ್. ಸಾಮ್ರಿ ಯಾಕೆ ನಿಲ್ಲುತ್ತಾನೆ ಅಂದರೆ ಅಲ್ಲಿ ಮುಖ ನಿಜವಾದ ಮುಖ. ಕಣ್ಣು ಆಡುತ್ತದೆ. ಬ್ಲೇಸ್‌ಡೆಲ್ ಡ್ರೆಸ್ಸುಗಳಲ್ಲಿ ಕಣ್ಣು ಆಡುವುದಿಲ್ಲ.

ಮಿಡತೆ ಕತೆ ಹೇಳದಿದ್ದರೆ ಈ ಚರ್ಚೆ ಪೂರ್ತಿ ಆಗುವುದಿಲ್ಲ. ಬರ್ಟ್ ಐ. ಗಾರ್ಡನ್, 1957, ‘ಬಿಗಿನಿಂಗ್ ಆಫ್ ದಿ ಎಂಡ್’. ದೈತ್ಯ ಮಿಡತೆಗಳು ಶಿಕಾಗೊ ನಗರಕ್ಕೆ ನುಗ್ಗುತ್ತವೆ. ಗಾರ್ಡನ್ ನಿಜವಾದ ಮಿಡತೆಗಳನ್ನೇ ತರಿಸಿದರು, 200ರಷ್ಟು. ಸಂತಾನ ಹೆಚ್ಚಿ ಬೆಳೆ ಹಾಳಾದೀತು ಅಂತ ಗಂಡು ಮಿಡತೆ ಮಾತ್ರ ತರಲು ಪರ್ಮಿಷನ್. ಅವು ಒಂದನ್ನೊಂದು ತಿನ್ನತೊಡಗಿದವು! ಶೂಟಿಂಗ್ ಮುಗಿಯುವಷ್ಟರಲ್ಲಿ ಹತ್ತು ಹನ್ನೆರಡು ಉಳಿದವು ಅನ್ನುತ್ತಾರೆ. ಕಟ್ಟಡ ಹತ್ತುವ ದೃಶ್ಯಕ್ಕೆ ಕಟ್ಟಡಗಳ ದೊಡ್ಡ ಫೋಟೊ ಇಟ್ಟು ಅದರ ಮೇಲೆ ಮಿಡತೆ ಬಿಟ್ಟರು. ಒಂದು ಮಿಡತೆ ಹತ್ತುತ್ತಾ ಹತ್ತುತ್ತಾ ಕಟ್ಟಡದ ಅಂಚು ದಾಟಿ ಆಕಾಶದ ಮೇಲೂ ಕಾಲಿಟ್ಟಿತು. ಅದನ್ನು ಹಾಗೇ ಇಟ್ಟುಕೊಂಡಿದ್ದಾರೆ. ರೀಟೇಕ್‌ಗೆ ದುಡ್ಡೆಲ್ಲಿ?

ನಾಯಕ ಪೀಟರ್ ಗ್ರೇವ್ಸ್. ‘ಇಟ್ ಕಾಂಕರ್ಡ್’ನಲ್ಲೂ ಇವರೇ. ಆಮೇಲೆ ಟಿವಿಯ ‘ಮಿಷನ್ ಇಂಪಾಸಿಬಲ್’ ಮಾಡಿದರು. ಮಿಡತೆ ಮುಂದೆ ಗಂಭೀರವಾಗಿ ನಿಂತವರಿಗೆ ಮುಂದಿನದ್ದೆಲ್ಲ ಸಲೀಸು.

ಬೈಟುಕಾಫಿ:

ಯಾಕೆ ಇಷ್ಟು ಅವಸರದಲ್ಲಿ ಇಷ್ಟೊಂದು ತೆಗೆದರು ಅನ್ನುವುದಕ್ಕೆ ವ್ಯಾಪಾರದ ಕಾರಣ ಇದೆ. ಆಗ ಅಲ್ಲಿ ಒಂದು ಟಿಕೆಟ್ಟಿಗೆ ಎರಡು ಸಿನಿಮಾ. ಮುಖ್ಯ ಸಿನಿಮಾಗೆ ಕಲೆಕ್ಷನ್ನಿನಲ್ಲಿ ಪರ್ಸೆಂಟೇಜು. ಜೊತೆಗಿರುವ ಎರಡನೇ ಸಿನಿಮಾಗೆ ಬರೀ ಬಾಡಿಗೆ, ಇಷ್ಟು ಅಂತ ಗೊತ್ತು. ಹೌಸ್‌ಫುಲ್ ಆದರೂ ಅಷ್ಟೇ. ಸಣ್ಣ ಕಂಪನಿಯವರ ಸಿನಿಮಾ ಯಾವಾಗಲೂ ಎರಡನೆಯದ್ದೇ. ಅಮೆರಿಕನ್ ಇಂಟರ್‌ನ್ಯಾಷನಲ್‌ನ ಜೇಮ್ಸ್ ನಿಕಲ್ಸನ್ ಮತ್ತು ಅವರ ಪಾಲುದಾರ ಸ್ಯಾಮ್ಯುಯೆಲ್ ಆರ್ಕಾಫ್ ಕೂತು ಲೆಕ್ಕ ಹಾಕಿದರು: ಎರಡೂ ನಮ್ಮದೇ ಕೊಟ್ಟರೆ? ‘ಡೇ ದ ವರ್ಲ್ಡ್ ಎಂಡೆಡ್’ ಜೊತೆ ‘ದ ಫ್ಯಾಂಟಮ್ ಫ್ರಮ್ 10,000 ಲೀಗ್ಸ್’ ಕಟ್ಟಿ ಒಂದೇ ಪ್ಯಾಕೇಜು ಮಾಡಿ ಪರ್ಸೆಂಟೇಜು ಕೇಳಿದರು. ನಡೆಯಿತು. ಅಲ್ಲಿಂದ ಯಾವಾಗಲೂ ಜೋಡಿ ಜೋಡಿ. ಏಡಿ ಸಿನಿಮಾ ಕೂಡ ಒಂಟಿಯಾಗಿ ಬಂದದ್ದಲ್ಲ, ‘ನಾಟ್ ಆಫ್ ದಿಸ್ ಅರ್ತ್’ ಜೊತೆ ಬಂತು.

ಅದಕ್ಕೇ ಇವೆಲ್ಲ 60–80 ನಿಮಿಷ. ಜೋಡಿಯಲ್ಲಿ ಕೂರಬೇಕಲ್ಲ.

ಮಲ್ನಾಡ್‌ಮಳೆ:

ಎಲ್ಲರೂ ಪ್ರೀತಿಯಿಂದ ಬರೆಯುತ್ತಿದ್ದೀರಿ, ನನಗೂ ಈ ಸಿನಿಮಾಗಳು ಇಷ್ಟ, ಆದರೆ ‘ಎಕ್ಸ್‌ಪ್ಲಾಯ್ಟೇಷನ್’ (ಬೆತ್ತಲೆ, ಹಿಂಸೆ ತೋರಿಸಿ ದುಡ್ಡು ಮಾಡುವುದು) ಅನ್ನುವ ಪದ ಇವಕ್ಕೆ ಸುಮ್ನೆ ಬಂದಿಲ್ಲ. ಅದರ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ.

1980, ‘ಹ್ಯೂಮನಾಯ್ಡ್ಸ್ ಫ್ರಮ್ ದ ಡೀಪ್’. ಆಗ ಕಾರ್ಮನ್ ಸ್ವಂತ ಕಂಪನಿ ನ್ಯೂ ವರ್ಲ್ಡ್ ಪಿಕ್ಚರ್ಸ್. ನಿರ್ದೇಶಕಿ ಬಾರ್ಬರಾ ಪೀಟರ್ಸ್. ಮೀನುಗಾರರ ಊರು, ಅಲ್ಲಿಗೆ ಮೀನು ಸಂಸ್ಕರಣೆ ಕಂಪನಿ ಬರುತ್ತದೆ, ಸಾಲ್ಮನ್ ಮೀನು ಬೇಗ ಬೆಳೆಯಲಿ ಅಂತ ಮಾಡಿದ ಪ್ರಯೋಗದಿಂದ ಸಮುದ್ರದಲ್ಲಿ ಮನುಷ್ಯನಂಥ ಮೃಗಗಳು ಹುಟ್ಟುತ್ತವೆ. ಸ್ಥಳೀಯ ಮೂಲನಿವಾಸಿ ಯುವಕ ಕಂಪನಿಯನ್ನು ವಿರೋಧಿಸುತ್ತಾನೆ, ಊರಿನ ಜನ ಅವನ ಮೇಲೇ ಬೀಳುತ್ತಾರೆ. ಕತೆಯಲ್ಲಿ ಸತ್ವ ಇದೆ. ಮೃಗಗಳ ಡ್ರೆಸ್ ರಾಬ್ ಬಾಟಿನ್, ಸಂಗೀತ ಆಮೇಲೆ ‘ಟೈಟಾನಿಕ್’ ಮಾಡಿದ ಜೇಮ್ಸ್ ಹಾರ್ನರ್. ಪೀಟರ್ಸ್ ಇದನ್ನು ತೆಗೆದು ಕೊಟ್ಟರು. ಕಾರ್ಮನ್‌ಗೆ ಸಾಲಲಿಲ್ಲ. ಹೆಂಗಸರ ಮೇಲೆ ಮೃಗಗಳ ಅತ್ಯಾಚಾರ, ಬೆತ್ತಲೆ ಮೈ, ಇದು ಬೇಕೆಂದರು. ಪೀಟರ್ಸ್ ಒಪ್ಪಲಿಲ್ಲ. ಬೇರೆಯವರ ಕೈಲಿ ಆ ದೃಶ್ಯ ತೆಗೆಸಿ ನಡುವೆ ತುರುಕಿದರು. ಪೀಟರ್ಸ್ ಮತ್ತು ನಟಿ ಆ್ಯನ್ ಟರ್ಕೆಲ್ ನಮ್ಮ ಹೆಸರು ತೆಗೆಯಿರಿ ಅಂದರು. ತೆಗೆಯಲಿಲ್ಲ.

ಬಜೆಟ್ ಕತೆ ಬರೆಯಿತು ಅಂತೀರಲ್ಲ ಹಳೇರೀಲು ಅವರೇ, ಇಲ್ಲಿ ಬರೆದದ್ದು ಬಜೆಟ್ಟಾ?

ಹಳೇರೀಲು:

@ಮಲ್ನಾಡ್‌ಮಳೆ ಒಂದೇ ಲೆಕ್ಕದ ಪುಸ್ತಕ ಮೇಡಂ. ಎಡಗಡೆ ಖರ್ಚು, ಬಲಗಡೆ ಜಮಾ. ಖರ್ಚು ಇಳಿಸುವುದು, ಜಮಾ ಏರಿಸುವುದು. ಸ್ಟಾರ್ ಇಲ್ಲದ ಸಿನಿಮಾಗೆ ಜನ ಬರಬೇಕಲ್ಲ. ಸಮರ್ಥನೆ ಮಾಡುತ್ತಿಲ್ಲ, ಕಾರಣ ಹೇಳುತ್ತಿದ್ದೇನೆ ಅಷ್ಟೇ.

ಮಲ್ನಾಡ್‌ಮಳೆ:

ಕಾರಣ ಗೊತ್ತು ಬಿಡಿ. ಆದರೆ ಎರಡೂ ಕಡೆ ಒಂದೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಖರ್ಚು ಇಳಿಸಲು ಹೋದಾಗ ಏಡಿಗೆ ಸತ್ತವರ ಧ್ವನಿ ಬರುತ್ತದೆ. ಜಮಾ ಏರಿಸಲು ಹೋದಾಗ ಹುಡುಗಿಯ ಬಟ್ಟೆ ಹರಿಯುತ್ತದೆ. ಮೊದಲನೆಯದ್ದಕ್ಕೆ ತಲೆ ಬೇಕು, ಎರಡನೆಯದ್ದಕ್ಕೆ ಏನೂ ಬೇಡ. ನೀವು ಮೊದಲನೆಯದ್ದನ್ನು ಹೊಗಳಿ ಬರೆದು, ಎರಡನೆಯದ್ದು ಬಂದಾಗ ಅದೂ ಅದೇ ಪುಸ್ತಕ ಅಂದರೆ ಹೇಗೆ? ಆ ತುರುಕಿದ ದೃಶ್ಯಗಳನ್ನು ತೆಗೆದು ನೋಡಿ, ಕೊನೆಯ ಜಾತ್ರೆಯ ದೃಶ್ಯಕ್ಕೆ ಏನೂ ಕಡಿಮೆಯಾಗುವುದಿಲ್ಲ. ಊರ ಸಾಲ್ಮನ್ ಹಬ್ಬದಲ್ಲಿ ಎಲ್ಲರೂ ಸೇರಿರುವಾಗ ಮೃಗಗಳು ನೀರಿಂದ ಮೇಲೆ ಬರುತ್ತವಲ್ಲ, ಸಿನಿಮಾ ನಿಂತಿರುವುದು ಅದರ ಮೇಲೆ.

ಇನ್ನೊಂದು ಮಾತೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಹೆಂಗಸರಿಗೆ ನಿರ್ದೇಶನದ ಕೆಲಸ ಕೊಟ್ಟವರೂ ಇದೇ ಕಾರ್ಮನ್. ಸ್ಟೆಫನಿ ರಾತ್‌ಮನ್, ಬಾರ್ಬರಾ ಪೀಟರ್ಸ್, ಏಮಿ ಹೋಲ್ಡನ್ ಜೋನ್ಸ್ ಎಲ್ಲರೂ ಅಲ್ಲಿಂದ ಬಂದವರು. ‘ಟರ್ಮಿನೇಟರ್’ ನಿರ್ಮಾಪಕಿ ಗೇಲ್ ಆ್ಯನ್ ಹರ್ಡ್ ಅವರ ಆಫೀಸಿನಲ್ಲಿ ಅಸಿಸ್ಟೆಂಟ್ ಆಗಿದ್ದವರು. ದೊಡ್ಡ ಸ್ಟುಡಿಯೊಗಳು ಬಾಗಿಲು ತೆಗೆಯದ ಕಾಲ. ಕೆಲಸ ಕೊಟ್ಟರು, ಕೊಟ್ಟ ಮೇಲೆ ಅವರು ಬೇಡ ಅಂದದ್ದನ್ನೂ ತುರುಕಿದರು. ಎರಡೂ ಇದೆ.

ಏಡಿಕಾಲು:

@ಮಲ್ನಾಡ್‌ಮಳೆ +1. ‘ಗ್ಯಾಲಕ್ಸಿ ಆಫ್ ಟೆರರ್’ (1981) ಹುಳುವಿನ ದೃಶ್ಯಕ್ಕೂ ಇದೇ ಮಾತು. ಅದನ್ನು ನಾನು ಫಾರ್ವರ್ಡ್ ಮಾಡುತ್ತೇನೆ.

ಆದರೆ ಅದೇ ಸಿನಿಮಾದ ಇನ್ನೊಂದು ಹುಳು ಕತೆ ಬೇರೆ. ಕ್ಯಾಮರೂನ್ ಅಲ್ಲಿ ಪ್ರೊಡಕ್ಷನ್ ಡಿಸೈನರ್. ಲಾಸ್ ಏಂಜಲೀಸ್‌ನ ವೆನಿಸ್‌ನಲ್ಲಿ ಕಾರ್ಮನ್ ಒಂದು ಹಳೇ ಮರದ ಅಡ್ಡೆ ಕೊಂಡು ಸ್ಟುಡಿಯೊ ಮಾಡಿದ್ದರು, ಅಲ್ಲಿ ಶೂಟಿಂಗ್. ಗಗನನೌಕೆಯ ಗೋಡೆಗೆ ಬರ್ಗರ್ ಕಟ್ಟಿಕೊಡುವ ಫೋಮ್ ಡಬ್ಬಿಗಳನ್ನು ಸಾಲಾಗಿ ಅಂಟಿಸಿ ಬಣ್ಣ ಹೊಡೆದರು. ಒಂದು ಶಾಟ್‌ನಲ್ಲಿ ತುಂಡಾದ ಕೈ ಬಿದ್ದಿದೆ, ಅದರ ಮೇಲೆ ಹುಳುಗಳು ಹರಿದಾಡಬೇಕು. ಹುಳುಗಳನ್ನು ತಂದು ಸುರಿದರು, ಸುಮ್ನೆ ಬಿದ್ದಿವೆ, ಮಿಸುಕುವುದಿಲ್ಲ. ಕ್ಯಾಮರೂನ್ ಕೈಯ ಅಡಿಯಿಂದ ವೈರ್ ಎಳೆದು, ಕರೆಂಟು ಹರಿಯುವ ಲೋಳೆ ಸವರಿ, ಮರೆಯಲ್ಲಿ ಒಬ್ಬರನ್ನು ಪ್ಲಗ್ ಹಿಡಿಸಿ ಕೂರಿಸಿದರು. ಅದೇ ಹೊತ್ತಿಗೆ ಯಾರೋ ಇಬ್ಬರು ನಿರ್ಮಾಪಕರು ಸೆಟ್ ನೋಡಲು ಬಂದು ಹಿಂದೆ ನಿಂತಿದ್ದಾರೆ. ಆ್ಯಕ್ಷನ್ ಅಂದರು, ಪ್ಲಗ್ ಹೋಯಿತು, ಹುಳುಗಳೆಲ್ಲ ವಿಲವಿಲ. ಕಟ್ ಅಂದರು, ಪ್ಲಗ್ ತೆಗೆದರು, ಹುಳುಗಳು ನಿಂತವು. ನೋಡುತ್ತಿದ್ದ ಇಬ್ಬರಿಗೆ ಕರೆಂಟಿನ ವಿಷಯ ಗೊತ್ತಿಲ್ಲ. ಹುಳುಗಳಿಗೇ ಆ್ಯಕ್ಟಿಂಗ್ ಹೇಳಿಕೊಡುವವನು ನಟರಿಂದ ಏನು ತೆಗೆಸಲಿಕ್ಕಿಲ್ಲ ಅಂತ ಅನಿಸಿತಂತೆ. ಅಲ್ಲಿಂದ ‘ಪಿರಾನ್ಹಾ’ ಎರಡನೇ ಭಾಗದ ನಿರ್ದೇಶನ ಸಿಕ್ಕಿತು. ಹಾರುವ ಮೀನುಗಳ ಸಿನಿಮಾ. ನಡುವೆಯೇ ಅದರಿಂದ ತೆಗೆದುಹಾಕಿದರು, ಅದು ಇನ್ನೊಂದು ಕತೆ.

ಮತ್ತೆ ಆ ಗಗನನೌಕೆ ಸೆಟ್ಟನ್ನು ಸುಮ್ನೆ ಕಿತ್ತು ಹಾಕಿದರಾ? ಇಲ್ಲ. ಅದರಲ್ಲೇ ‘ಫರ್ಬಿಡನ್ ವರ್ಲ್ಡ್’ (1982) ತೆಗೆದರು. ಅಲ್ಲಿ ಮೃಗ ಸಾಯುವುದು ಹೇಗೆ ಗೊತ್ತಾ? ಕ್ಯಾನ್ಸರ್ ಇರುವ ವಿಜ್ಞಾನಿಯೊಬ್ಬ ತನ್ನ ಗಡ್ಡೆಯನ್ನೇ ತೆಗೆಸುತ್ತಾನೆ, ನಾಯಕ ಅದನ್ನು ಮೃಗಕ್ಕೆ ತಿನ್ನಿಸುತ್ತಾನೆ. ಫೈಟು ಬೇಡ, ಬ್ಲಾಸ್ಟು ಬೇಡ. ಹಳೇರೀಲು ವಾದಕ್ಕೆ ಇನ್ನೊಂದು.

ಆರ್ಟ್‌ಡಿಪಾರ್ಟ್‌ಮೆಂಟ್:

ಬರ್ಗರ್ ಡಬ್ಬಿ ಐಡಿಯಾ ಈಗಲೂ ನಡೆಯುತ್ತದೆ. ನಾವು ಮೊಟ್ಟೆ ಟ್ರೇ ಬಳಸುತ್ತೇವೆ. ಸಿಲ್ವರ್ ಸ್ಪ್ರೇ ಹೊಡೆದು ದೂರದಿಂದ ಲೈಟ್ ಬಿಟ್ಟರೆ ಲ್ಯಾಬು. ಹತ್ತಿರ ಕ್ಯಾಮೆರಾ ತರಬೇಡಿ ಅಂತ ಡಿಒಪಿಗೆ, ಅಂದರೆ ಛಾಯಾಗ್ರಾಹಕರಿಗೆ, ಕೈ ಮುಗಿಯುವುದು.

ಹುಬ್ಳಿಮಂದಿ:

ಪಿರಾನ್ಹಾ ಮೊದಲನೇದು ಹೆಂಗೈತ್ರಿ? ಅಗ್ಗದ್ದೇ ಏನು ಅದೂ?

ಹಳೇರೀಲು:

ಅಗ್ಗದ್ದೇ, ಆದರೆ ಈ ಎಲ್ಲದರಲ್ಲಿ ಬಹುಶಃ ಚುರುಕಾದದ್ದು. 1978, ಜೋ ಡಾಂಟೆ ನಿರ್ದೇಶನ, ಬರೆದದ್ದು ಜಾನ್ ಸೇಲ್ಸ್. ‘ಜಾಸ್’ ದುಡ್ಡು ಮಾಡಿದ್ದನ್ನು ನೋಡಿ ಮಾಡಿದ್ದು, ಅದರಲ್ಲಿ ಮುಚ್ಚುಮರೆ ಇಲ್ಲ. ಮೀನುಗಳು ರಬ್ಬರಿನವು, ಕಡ್ಡಿಗೆ ಸಿಕ್ಕಿಸಿ ನೀರೊಳಗೆ ಆಡಿಸಿದ್ದು. ಆ ಕೆಲಸ ಮಾಡಿದ ಹುಡುಗರಲ್ಲಿ ರಾಬ್ ಬಾಟಿನ್, ಫಿಲ್ ಟಿಪ್ಪೆಟ್ ಇದ್ದರು. ಬಾಟಿನ್ ಆಮೇಲೆ ‘ದ ಥಿಂಗ್’ ಮಾಡಿದರು, ಟಿಪ್ಪೆಟ್ ‘ಜುರಾಸಿಕ್ ಪಾರ್ಕ್’ಗೆ ಆಸ್ಕರ್ ತಗೊಂಡರು. ಯೂನಿವರ್ಸಲ್‌ನವರು ಅದೇ ವರ್ಷ ‘ಜಾಸ್ 2’ ತರುತ್ತಿದ್ದರು, ಕೋರ್ಟಿಗೆ ಹೋಗಲು ಯೋಚಿಸಿದ್ದರಂತೆ. ಸ್ಪಿಲ್‌ಬರ್ಗ್ ನೋಡಿ ಮೆಚ್ಚಿದ ಮೇಲೆ ಸುಮ್ಮನಾದರು.

ಮೀನು ಚಿಕ್ಕದು, ನೀರು ಮಸುಕು, ಮೇಲೆ ರಕ್ತದ ಗುಳ್ಳೆ. ಮೃಗ ಪೂರ್ತಿ ಕಾಣುವ ಪ್ರಶ್ನೆಯೇ ಇಲ್ಲ. ಚೌಕಿಮನೆ ಅಣ್ಣನ ತೆರೆ ಇಲ್ಲಿ ನೀರೇ. ಮತ್ತೆ ಸೇಲ್ಸ್ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ: ಮೀನುಗಳನ್ನು ಸಾಕಿದ್ದು ಮಿಲಿಟರಿಯವರು, ವಿಯೆಟ್ನಾಮಿನ ನದಿಗಳಿಗೆ ಬಿಡಲು. ಯುದ್ಧ ಮುಗಿದರೂ ಪ್ರಾಜೆಕ್ಟ್ ಕೊಳದಲ್ಲಿ ಈಜಾಡುತ್ತಾ ಉಳಿದಿದೆ. ಕಾರ್ಮನ್‌ಗೆ ಬರೆದು ಬಂದ ದುಡ್ಡನ್ನು ಕೂಡಿಟ್ಟು ಸೇಲ್ಸ್ ತನ್ನ ಮೊದಲ ಸಿನಿಮಾ ಮಾಡಿಕೊಂಡರು.

ಮೇಡಂ ಹೇಳಿದ ವ್ಯತ್ಯಾಸ ಇಟ್ಟುಕೊಂಡು ನೋಡಿದರೂ ಇದು ಪಾಸಾಗುತ್ತದೆ ಅಂದುಕೊಂಡಿದ್ದೇನೆ.

ಮಲ್ನಾಡ್‌ಮಳೆ:

ಮುಕ್ಕಾಲು ಪಾಸು. ಶುರುವಿನ ಈಜಿನ ದೃಶ್ಯ ಯಾಕೆ ಇದೆ ಅಂತ ನಿಮಗೂ ಗೊತ್ತು. 🙂

ಚೌಕಿಮನೆ:

ನಾನು ಇದ್ಯಾವುದನ್ನೂ ಪೂರ್ತಿ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ? ಮನೆಯಲ್ಲಿ ಹನ್ನೆರಡು ವರ್ಷದ ಮಗ ಜೊತೆಗೆ ಕೂರುತ್ತಾನೆ, ಹಾಗಾಗಿ 80ರ ದಶಕದ್ದು ಬೇಡ.

ಬೈಟುಕಾಫಿ:

‘ದ ಲಿಟಲ್ ಶಾಪ್ ಆಫ್ ಹಾರರ್ಸ್’, 1960. ಮನುಷ್ಯರನ್ನು ತಿನ್ನುವ ಗಿಡ, ಹಸಿವಾದರೆ ಬಾಯಿ ಬಿಟ್ಟು ಕೇಳುತ್ತದೆ. ಬೇರೆ ಸಿನಿಮಾದವರು ಬಿಟ್ಟುಹೋದ ಸೆಟ್ಟಿನಲ್ಲಿ ಒಳಗಿನ ದೃಶ್ಯಗಳನ್ನೆಲ್ಲ ಎರಡೇ ದಿನದಲ್ಲಿ ತೆಗೆದದ್ದು. ಹಲ್ಲು ಕೀಳಿಸಿಕೊಳ್ಳಲು ಖುಷಿಯಿಂದ ಬರುವ ರೋಗಿ ಜ್ಯಾಕ್ ನಿಕಲ್ಸನ್. ಕಾಪಿರೈಟ್ ಮಾಡಿಸಲೇ ಇಲ್ಲ, ಹಾಗಾಗಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ, ಕಾನೂನು ಪ್ರಕಾರವೇ. ಮಗ ನಗುತ್ತಾನೆ.

ಏಡಿಕಾಲು:

ಅದಾದ ಮೇಲೆ ಏಡಿ. ಆಮೇಲೆ ‘ದ ಕಿಲ್ಲರ್ ಶ್ರೂಸ್’ (1959), ಅದು ಕಾರ್ಮನ್‌ದ್ದಲ್ಲ, ಟೆಕ್ಸಾಸಿನಲ್ಲಿ ತೆಗೆದದ್ದು. ದುಡ್ಡು ಹಾಕಿದ ಗಾರ್ಡನ್ ಮೆಕ್ಲೆಂಡನ್ ರೇಡಿಯೊ ಸ್ಟೇಷನ್, ಡ್ರೈವ್-ಇನ್ (ಕಾರಲ್ಲೇ ಕೂತು ನೋಡುವ ಥಿಯೇಟರ್) ಎಲ್ಲ ಇದ್ದ ಕುಳ. ತನ್ನ ಡ್ರೈವ್-ಇನ್‌ಗೆ ಬೇಕಾದ ಸಿನಿಮಾ ತಾನೇ ಮಾಡಿಸಿಕೊಂಡರು. ನಾಯಿಯಷ್ಟು ದೊಡ್ಡ ಸುಂಡಿಲಿಗಳು ಮನೆ ಮುತ್ತುತ್ತವೆ. ನಾಯಿಯಷ್ಟು ದೊಡ್ಡದು ಯಾಕೆ ಅಂದರೆ ಅವು ನಾಯಿಗಳೇ, ಮೇಲೆ ರೋಮದ ಹೊದಿಕೆ ಹಾಕಿದ್ದಾರೆ. ಹತ್ತಿರದ ಶಾಟಿಗೆ ಮಾತ್ರ ಗೊಂಬೆ ಮುಖ. ಮತ್ತೆ ಅವಕ್ಕೆ ಹಾಕಿದ ವಿಷ ಅವುಗಳ ಎಂಜಲಿಗೇ ಸೇರಿಬಿಟ್ಟಿದೆ, ಒಂದು ಗೀರು ಬಿದ್ದರೂ ಮನುಷ್ಯ ಹೋದ. ಅಂದರೆ ದೊಡ್ಡ ಕಾದಾಟ ತೋರಿಸುವ ಖರ್ಚಿಲ್ಲ!

ಚೌಕಿಮನೆ:

ಶನಿವಾರ ರಾತ್ರಿ ಗಿಡ, ಭಾನುವಾರ ಸುಂಡಿಲಿ ನೋಡಿದೆವು. ಗಿಡ ಮಗನಿಗೆ ಬಹಳ ಇಷ್ಟವಾಯಿತು. ಸುಂಡಿಲಿಯಲ್ಲಿ ಮೊದಲು ನಾಯಿ ನಾಯಿ ಅಂತ ಕೂಗುತ್ತಿದ್ದವನು ರಾತ್ರಿ ಅವು ಮಣ್ಣಿನ ಗೋಡೆ ಕೊರೆಯುವ ಸದ್ದಿಗೆ ಸುಮ್ಮನಾದ. ಕೊನೆಗೆ ಖಾಲಿ ಡ್ರಮ್ಮುಗಳನ್ನು ಬೋರಲು ಹಾಕಿ ಒಟ್ಟಿಗೆ ಕಟ್ಟಿ, ಒಳಗೆ ಕುಕ್ಕುರುಗಾಲಲ್ಲಿ ಕೂತು ಹೆಜ್ಜೆ ಹೆಜ್ಜೆ ಇಡುತ್ತಾ ದೋಣಿವರೆಗೆ ಹೋಗುತ್ತಾರಲ್ಲ, ಅದನ್ನು ಎರಡು ಸಲ ಹಾಕಿಸಿಕೊಂಡು ನೋಡಿದ. ಒಬ್ಬ ಮಾತ್ರ ಒಳಗೆ ಬರುವುದಿಲ್ಲ ಅಂತ ಮಾಡಿನ ಮೇಲೆ ಉಳಿಯುತ್ತಾನೆ, ಅವನು ಸಾಯುತ್ತಾನೆ ಅಂತ ಮಗ ಮೊದಲೇ ಹೇಳಿದ.

ಆರ್ಟ್‌ಡಿಪಾರ್ಟ್‌ಮೆಂಟ್:

ಆ ಡ್ರಮ್ಮಿನ ಸೀನ್ ಇಡೀ ಸಿನಿಮಾದಲ್ಲಿ ಒಳ್ಳೆಯ ಆರ್ಟ್ ವರ್ಕು. ಖರ್ಚು ಏನು ಹೇಳಿ? ಗುಜರಿಯಲ್ಲಿ ಸಿಗುವ ಡ್ರಮ್ಮು. ಕ್ಯಾಮೆರಾ ಒಳಗಿಟ್ಟರೆ ಕಿಂಡಿಯಲ್ಲಿ ಮೂತಿ ಮಾತ್ರ ತೋರಿಸಿದರೆ ಸಾಕು, ಹೊರಗಿಟ್ಟರೆ ನಟರೇ ಬೇಡ. ಕಾಲ್‌ಶೀಟೂ ಉಳಿಯಿತು.

ಮಲ್ನಾಡ್‌ಮಳೆ:

ನಿಮ್ಮ ಮಗನಿಗೆ ಮುಂದಿನ ವಾರ ಮಿಡತೆ ತೋರಿಸಿ ಚೌಕಿಮನೆ ಅಣ್ಣ. ಆಕಾಶದ ಮೇಲೆ ಕಾಲಿಡುವ ಮಿಡತೆಯನ್ನು ಅವನೇ ಕಂಡುಹಿಡಿಯಲಿ, ನೀವು ಮೊದಲೇ ಹೇಳಬೇಡಿ.